ಧಗೆಯ ಊರು, ಹಿಮದ ಕನಸು

ಒಂದಕ್ಕೊಂದು ಹೊಂದದ ಎರಡು ವಿಚಾರಗಳು ಮನುಷ್ಯನ ಮನಸ್ಸಿನಲ್ಲಿ ಜಗಳವಿಲ್ಲದೆ ಒಂದೇ ವಠಾರದಲ್ಲಿ ಬಾಡಿಗೆಗಿರಬಲ್ಲವು ಎಂಬುದಕ್ಕೆ ನಮ್ಮ ಬೇಸಗೆಯ ಸಂಜೆಯ ಮಾತುಕತೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನ ಯಾವ ಮಧ್ಯಮವರ್ಗದ ಮನೆಗೆ ಹೋದರೂ ಮೊದಲ ಹತ್ತು ನಿಮಿಷ ಸೆಖೆಯ ಪುರಾಣ. ಹಿಂದೆ ಹೀಗಿರಲಿಲ್ಲ, ರಾತ್ರಿ ಮೂರು ಗಂಟೆಯವರೆಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ, ಕೊಳವೆಬಾವಿ ಬತ್ತಿತು, ಟ್ಯಾಂಕರಿನವನು ಫೋನು ಎತ್ತುವುದಿಲ್ಲ. ಮಜ್ಜಿಗೆಯೋ ಪಾನಕವೋ ಬಂದು ಗಂಟಲು ತಂಪಾದ ಮೇಲೆ ಮಾತು ಹೊರಳುತ್ತದೆ. ಡಿಸೆಂಬರ್ ರಜೆಗೆ ಎಲ್ಲಿಗೆ? ಹಿಂದೆ ಈ ಪ್ರಶ್ನೆಗೆ ಉತ್ತರ ತಿರುಪತಿ, ಊಟಿ, ಹೆಚ್ಚೆಂದರೆ ಕಾಶ್ಮೀರ. ಈಗ ಸ್ವಿಟ್ಜರ್ಲೆಂಡ್, ಆಸ್ಟ್ರಿಯ, ಜಾರ್ಜಿಯ, ಕಜಕಸ್ತಾನ. ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರೆ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತೇವೆ ಎನ್ನುತ್ತಾರೆ. ಟಿಕೀಟು ಈಗಲೇ ತೆಗೆದರೆ ಅಗ್ಗವಂತೆ.

ಇದನ್ನು ಕಂಡು ನಗುವುದು ಸುಲಭ. ಆದರೆ ನಗುವಿಗೆ ಮೀರಿದ ಪ್ರಶ್ನೆಯೊಂದು ಇಲ್ಲಿದೆ ಎಂದು ನನಗೆ ತೋರುತ್ತದೆ. ತನ್ನ ಊರು ಕಾದ ಹೆಂಚಾಗುತ್ತಿರುವಾಗ, ಆ ಕಾವಿಗೆ ತಾನೂ ಒಂದು ಚಿಟಿಕೆ ಸೇರಿಸಿ, ದೂರದ ತಂಪಿನಲ್ಲಿ ಆಡಿ ಬರುವುದು ಸರಿಯೆ? ತಪ್ಪು ಎನ್ನುವುದಾದರೆ ಅದು ಯಾವ ಬಗೆಯ ತಪ್ಪು? ಕಳ್ಳತನದಂಥದೋ, ಹೊಟ್ಟೆಬಾಕತನದಂಥದೋ, ಅಥವಾ ಬರಿಯ ಮರೆವಿನಂಥದೋ?

ಮೊದಲು ಧಗೆಯ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವ ಊರು. ಪಿಂಚಣಿದಾರರ ಸ್ವರ್ಗವೆಂದು ಅದಕ್ಕೆ ಹೆಸರಿತ್ತು. ಎಷ್ಟೋ ಹಳೆಯ ಮನೆಗಳ ಸೂರಿನಲ್ಲಿ ಫ್ಯಾನಿಗೆ ಕೊಕ್ಕೆಯನ್ನೇ ಇಟ್ಟಿರಲಿಲ್ಲ. ಆ ಊರಿನಲ್ಲಿ 2016ರ ಏಪ್ರಿಲ್ 24ರಂದು ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್ ಕೊನೆಯಲ್ಲಿ 38.5 ಆಯಿತು. ಹಾಗೆಂದು, ಹಿಂದೆ ಬಿಸಿಲೇ ಇರಲಿಲ್ಲವೆಂದು ಹೇಳುವವರ ಮಾತನ್ನೂ ಪೂರ್ತಿ ನಂಬಬೇಕಾಗಿಲ್ಲ. 1931ರ ಮೇ ತಿಂಗಳಿನಲ್ಲಿಯೇ ಇಲ್ಲಿ 38.9 ಡಿಗ್ರಿ ದಾಖಲಾಗಿತ್ತು. ಒಂದು ದಿನದ ಬಿಸಿಲು ಯಾವ ವಾದಕ್ಕೂ ಸಾಕ್ಷಿಯಾಗಲಾರದು. ಸಾಕ್ಷಿ ಇರುವುದು ವರ್ಷವರ್ಷಗಳ ಸರಾಸರಿಯಲ್ಲಿ. 2024ನೆಯ ಇಸವಿ, ಅಳತೆ ಮಾಡಲು ಕಲಿತಂದಿನಿಂದ ಭೂಮಿ ಕಂಡ ಅತ್ಯಂತ ಬಿಸಿಯಾದ ವರ್ಷವೆಂದು ವಿಶ್ವ ಹವಾಮಾನ ಸಂಸ್ಥೆ ಸಾರಿತು. ಕೈಗಾರಿಕೆಗಳಿಗೆ ಮೊದಲಿನ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು. ಅದರ ಮೇಲೆ ನಾವೇ ಮಾಡಿಕೊಂಡದ್ದು ಬೇರೆ: ಕೆರೆ ಮುಚ್ಚಿ ಬಡಾವಣೆ ಕಟ್ಟಿದೆವು, ಸಾಲುಮರ ಕಡಿದು ರಸ್ತೆ ಅಗಲಿಸಿದೆವು. ಹಗಲು ಕುಡಿದ ಬಿಸಿಲನ್ನು ಸಿಮೆಂಟಿನ ಗೋಡೆಗಳು ರಾತ್ರಿಯೆಲ್ಲ ಕಕ್ಕುತ್ತವೆ.

ಬೆಂಗಳೂರಿನವರು ಸೆಖೆಯ ಮಾತಾಡಿದರೆ ಕಲಬುರಗಿ, ರಾಯಚೂರುಗಳವರಿಗೆ ನಗು ಬಂದೀತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಏರ್ಪಾಡಿದೆ. ಇದು ವಿವೇಕದ ಏರ್ಪಾಡು. ಆದರೆ ತೊಗರಿ ಒಕ್ಕುವವನಿಗೆ, ಕಟ್ಟಡದ ಮೇಲೆ ಇಟ್ಟಿಗೆ ಹೊರುವವಳಿಗೆ ಒಂದೂವರೆಗೆ ಗಂಟೆ ಹೊಡೆಯುವುದಿಲ್ಲ. ಬಿಸಿಲು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆಂಬುದು ಆಕಾಶದ ಮಟ್ಟಿಗೆ ನಿಜ. ನೆಲಕ್ಕೆ ಇಳಿಯುವಷ್ಟರಲ್ಲಿ ಅದು ನಮ್ಮ ನಮ್ಮ ಸಂಬಳಕ್ಕೆ ತಕ್ಕಂತೆ ಹಂಚಿಹೋಗಿರುತ್ತದೆ.

ಇನ್ನು ಹಿಮದ ವಿಚಾರ. ಸ್ಕೀ ಎಂಬ ಪದಕ್ಕೆ ಹಳೆಯ ನಾರ್ಸ್ ಭಾಷೆಯಲ್ಲಿ ಸೀಳಿದ ಮರದ ತುಂಡು ಎಂದು ಅರ್ಥ. ಉತ್ತರದ ಶೀತದೇಶಗಳ ಜನ ಬೇಟೆಗೂ ನೆರೆಯೂರಿಗೂ ಹೋಗಲು ಅದನ್ನು ಕಾಲಿಗೆ ಕಟ್ಟಿಕೊಂಡರು. ನಮಗೆ ತೆಪ್ಪ ಹೇಗೋ ಅವರಿಗೆ ಅದು ಹಾಗೆ. ಮುಂದೆ ಅದು ಶ್ರೀಮಂತರ ವಿನೋದವಾಯಿತು. ಆಲ್ಪ್ಸ್ ಪರ್ವತಗಳ ದನಗಾಹಿಗಳ ಹಳ್ಳಿಗಳು ವಿನೋದಪಟ್ಟಣಗಳಾದವು. ಆ ಪಟ್ಟಣಗಳಿಗೆ ಈಗ ಹಿಮದ ಬರ. 2022, 2023 ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡವು. ರೋನ್ ಹಿಮನದಿಯ ಒಂದು ಅಂಚಿಗೆ ಬೇಸಗೆಯಲ್ಲಿ ಬಿಳಿಯ ಕಂಬಳಿ ಹೊದಿಸುತ್ತಾರೆ. ಕಂಬಳಿ ಚಳಿಗೆಂದು ನಂಬಿದ್ದ ನಮಗೆ ಇದು ಹೊಸ ಪಾಠ. ಬೊಲಿವಿಯಾದ ಚಕಲ್ತಾಯ ಎಂಬಲ್ಲಿ, ಐದು ಸಾವಿರ ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಜಗತ್ತಿನ ಅತ್ಯುನ್ನತ ಜಾರುದಾರಿಯೊಂದಿತ್ತು. 2009ರ ಹೊತ್ತಿಗೆ ಅಲ್ಲಿಯ ಹಿಮನದಿಯೇ ಇಲ್ಲವಾಯಿತು. ನಮ್ಮ ಗುಲ್ಮಾರ್ಗದಲ್ಲಿ 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಬೇಕಾಯಿತು.

ಹಿಮ ಬೀಳದಿದ್ದರೆ ಮಾಡುವ ಯಂತ್ರವಿದೆ. ನೀರನ್ನು ಸಣ್ಣ ಹನಿಗಳಾಗಿ ಒಡೆದು ತಣ್ಣನೆಯ ಗಾಳಿಗೆ ಬಲವಾಗಿ ಉಗುಳುವ ಫಿರಂಗಿಗಳು ಅವು. ಹನಿ ನೆಲ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಇಂಥ ಹಿಮದ ಮೇಲೆಯೇ ನಡೆಯಿತು. ದುಬೈಯಲ್ಲಿ 2005ರಿಂದ ಅಂಗಡಿಸಾಲೊಂದರ ಒಳಗೇ ನಾನೂರು ಮೀಟರ್ ಉದ್ದದ ಹಿಮದ ಇಳಿಜಾರಿದೆ. ಗೋಡೆಯ ಆಚೆ ಮರಳುಗಾಡಿನ ನಲವತ್ತು ಡಿಗ್ರಿ, ಈಚೆ ಸೊನ್ನೆಗೂ ಕೆಳಗೆ. ಯಂತ್ರಗಳಿಗೆ ವಿದ್ಯುತ್ತು ಬೇಕು, ವಿದ್ಯುತ್ತಿಗೆ ಬಹುಮಟ್ಟಿಗೆ ಇನ್ನೂ ಎಣ್ಣೆ, ಅನಿಲ, ಕಲ್ಲಿದ್ದಲು ಬೇಕು, ಅವು ಉರಿದರೆ ಭೂಮಿ ಇನ್ನಷ್ಟು ಕಾಯುತ್ತದೆ, ಕಾದಷ್ಟೂ ಯಂತ್ರಗಳು ಹೆಚ್ಚು ಬೇಕು. ಬೆಂಕಿ ಆರಿಸಲು ತುಪ್ಪ ಹೊತ್ತು ಓಡಿದವನ ಕತೆ ಇದು.

ನನ್ನ ತಂಗಿಯ ಮಗನೊಬ್ಬ ಇಂಥದೇ ಪ್ರವಾಸದ ಏರ್ಪಾಡಿನಲ್ಲಿದ್ದಾನೆ. ಗಂಡ, ಹೆಂಡತಿ, ಮಕ್ಕಳಿಬ್ಬರು. ಹುಡುಗ ಓದಿದವನು, ಲೆಕ್ಕ ಬಲ್ಲವನು, ಯಾರಿಗೂ ಕೇಡು ಬಗೆಯುವವನಲ್ಲ. ಮನೆಯ ಹಿರಿಯನೆಂದು ನನ್ನ ಅಭಿಪ್ರಾಯ ಕೇಳಿದ. ನನ್ನ ಮನಸ್ಸಿನಲ್ಲಿದ್ದ ಅಳುಕನ್ನು ಹೇಳಿದೆ. ಅವನು ಕೊಟ್ಟ ಉತ್ತರಗಳು ತಳ್ಳಿಹಾಕುವಂಥವಲ್ಲ. ಅವನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

"ಮಾವ, ಸಂತೋಷಪಡುವುದೇ ಪಾಪವೇ?" ಎಂದ ಮೊದಲು. ಅಲ್ಲ, ಖಂಡಿತ ಅಲ್ಲ. ಒಂಬತ್ತು ವರ್ಷದ ಮಗು ಮೊದಲ ಸಲ ಹಿಮವನ್ನು ಅಂಗೈಯಲ್ಲಿ ಹಿಡಿದಾಗ ಆಗುವ ಬೆರಗಿಗೆ ಬೆಲೆ ಕಟ್ಟಲಾಗದು. ಕಾಳಿದಾಸ 'ಕುಮಾರಸಂಭವ'ವನ್ನು ಆರಂಭಿಸಿದ್ದೇ ಹಿಮಾಲಯದ ವರ್ಣನೆಯಿಂದ. ಬಿಸಿಲಿನ ನಾಡಿನವನಿಗೆ ಹಿಮ ಯಾವಾಗಲೂ ಅರ್ಧ ಭೂಮಿ, ಅರ್ಧ ಸ್ವರ್ಗ. ಮನುಷ್ಯ ತನ್ನ ಊರಿನಲ್ಲಿಲ್ಲದ್ದನ್ನು ಕಾಣಬೇಕೆಂದು ಹೊರಡದಿದ್ದರೆ ಯಾತ್ರೆಯೂ ಇಲ್ಲ, ವಿದ್ಯೆಯೂ ಇಲ್ಲ. ಸಂತೋಷವನ್ನು ಕಂಡರೆ ಗಂಟುಮುಖ ಹಾಕುವ ನೀತಿ ನನಗೂ ಬೇಡ. ಆದ್ದರಿಂದ ಸಂತೋಷ ತಪ್ಪೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅದರ ಬೆಲೆಯನ್ನು ತೆರುವವರು ಯಾರು ಎಂದು ಕೇಳಬೇಕು.

"ಇನ್ನೂರು ವರ್ಷ ಬಿಳಿಯರು ಕಲ್ಲಿದ್ದಲು ಸುಟ್ಟು ಸುಖಪಟ್ಟರು. ನಮಗೆ ಸರದಿ ಬಂದಾಗ ನೀತಿಪಾಠವೇ?" ಎಂದ. ಇದು ನ್ಯಾಯದ ಮಾತು. ಇಂದಿಗೂ ಸರಾಸರಿ ಭಾರತೀಯನೊಬ್ಬನ ಪಾಲಿಗೆ ಬರುವ ಇಂಗಾಲಾಮ್ಲ ವರ್ಷಕ್ಕೆ ಸುಮಾರು ಎರಡು ಟನ್ನು, ಅಮೆರಿಕದವನದು ಹದಿನಾಲ್ಕರ ಆಸುಪಾಸು. ಹದಿನಾಲ್ಕು ಟನ್ನಿನವನು ಎರಡು ಟನ್ನಿನವನಿಗೆ ಮಿತವ್ಯಯ ಬೋಧಿಸುವುದು ಹಾಸ್ಯಾಸ್ಪದ. ಆದರೆ ಇಲ್ಲೊಂದು ತೊಡಕಿದೆ. ಆ ಎರಡು ಟನ್ನಿನ ಸರಾಸರಿ ನನ್ನ ಸೋದರಳಿಯನಿಂದಾದದ್ದಲ್ಲ. ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡ ಕೋಟಿ ಕೋಟಿ ಜನರಿಂದಾದದ್ದು. ಅವರ ಬಡತನವನ್ನು ನಮ್ಮ ಪರವಾಗಿ ಸಾಕ್ಷಿ ನುಡಿಸಿ, ಬಂದ ತೀರ್ಪನ್ನು ನಾವು ಮಾತ್ರ ಅನುಭವಿಸುವುದು ಹೇಗೆ ಸರಿ? 2018ರ ಲೆಕ್ಕವೊಂದರ ಪ್ರಕಾರ ಆ ವರ್ಷ ವಿಮಾನ ಹತ್ತಿದವರು ಲೋಕದ ಜನರಲ್ಲಿ ಸುಮಾರು ನೂರಕ್ಕೆ ಹನ್ನೊಂದು ಮಂದಿ; ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧದಷ್ಟಕ್ಕೆ ಕಾರಣರು ನೂರಕ್ಕೆ ಒಬ್ಬರು. ಅಮೆರಿಕದವನನ್ನು ನಾವು ಕೇಳುವ ಪ್ರಶ್ನೆಯನ್ನೇ ರಾಯಚೂರಿನ ಹತ್ತಿ ಬಿಡಿಸುವವಳು ನಮ್ಮನ್ನು ಕೇಳಿದರೆ, ನಮ್ಮಲ್ಲಿ ಉತ್ತರವಿರಬೇಕು.

"ನಾನು ಹೋಗದಿದ್ದರೆ ವಿಮಾನ ನಿಲ್ಲುತ್ತದೆಯೇ, ಮಾವ?" ಇದು ಮೂರನೆಯದು, ಎಲ್ಲಕ್ಕೂ ಗಟ್ಟಿಯಾದದ್ದು. ವಿದ್ವಾಂಸರಲ್ಲಿಯೂ ಇದನ್ನು ಒಪ್ಪುವವರಿದ್ದಾರೆ. ವಾಲ್ಟರ್ ಸಿನಟ್-ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ತತ್ತ್ವಜ್ಞ 2005ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಭಾನುವಾರ ಬರಿಯ ಮೋಜಿಗಾಗಿ ಪೆಟ್ರೋಲು ಕುಡಿಯುವ ದೊಡ್ಡ ಕಾರಿನಲ್ಲಿ ಸುತ್ತಾಡುವುದು ತಪ್ಪೆಂದು ಸಾಧಿಸಬಲ್ಲ ನೀತಿಸೂತ್ರ ಯಾವುದು ಎಂದು ಒಂದೊಂದಾಗಿ ಪರೀಕ್ಷಿಸಿ, ಯಾವುದೂ ನಿಲ್ಲುವುದಿಲ್ಲವೆಂದು ವಾದಿಸಿದ. ನನ್ನ ಒಂದು ಸವಾರಿಯಿಂದ ಯಾವ ನೆರೆಯೂ ಬರುವುದಿಲ್ಲ, ಯಾವ ಬರವೂ ಬೀಳುವುದಿಲ್ಲ. ಆದ್ದರಿಂದ ಹೊಣೆ ಸರ್ಕಾರಗಳದು, ಅವುಗಳನ್ನು ಎಚ್ಚರಿಸುವುದೇ ನಮ್ಮ ಕರ್ತವ್ಯ ಎಂಬುದು ಅವನ ನಿಲುವು.

ಈ ವಾದಕ್ಕೆ ಉತ್ತರ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬೀರಬಲ್ಲನ ಮಾತಿನಂತೆ ಬಾದಶಹ ಮನೆಗೊಂದು ಚೊಂಬು ಹಾಲನ್ನು ರಾತ್ರಿಯಲ್ಲಿ ಕೊಳಕ್ಕೆ ಹೊಯ್ಯಬೇಕೆಂದು ಡಂಗುರ ಹೊಡೆಸಿದ. ಇಷ್ಟೊಂದು ಹಾಲಿನಲ್ಲಿ ನನ್ನದೊಂದು ಚೊಂಬು ನೀರು ಯಾರಿಗೆ ತಿಳಿದೀತು ಎಂದು ಪ್ರತಿಯೊಬ್ಬನೂ ಎಣಿಸಿದ. ಬೆಳಗಾದರೆ ಕೊಳದ ತುಂಬ ನೀರು. ಡೆರೆಕ್ ಪಾರ್ಫಿಟ್ ಎಂಬ ಇಂಗ್ಲಿಷ್ ತತ್ತ್ವಜ್ಞ 1984ರಲ್ಲಿ ಬಂದ ತನ್ನ ಗ್ರಂಥದಲ್ಲಿ ಇದನ್ನೇ ತಿರುಗುಮುರುಗಾಗಿ ಹೇಳಿದ. ಮರುಭೂಮಿಯಲ್ಲಿ ಹತ್ತು ಸಾವಿರ ಗಾಯಾಳುಗಳು ಬಾಯಾರಿ ನರಳುತ್ತಿದ್ದಾರೆ. ಬೇರೆ ಹತ್ತು ಸಾವಿರ ಜನರ ಬಳಿ ಒಂದೊಂದು ಲೋಟದಷ್ಟು ನೀರಿದೆ. ಅದನ್ನೆಲ್ಲ ಒಂದು ಗಾಡಿಗೆ ಹೊಯ್ದು, ಗಾಯಾಳುಗಳಿಗೆ ಸಮನಾಗಿ ಹಂಚಬೇಕು. ನನ್ನ ಒಂದು ಲೋಟ ಸೇರಿದರೆ ಪ್ರತಿಯೊಬ್ಬನಿಗೂ ಸಿಕ್ಕುವುದು ಅದರ ಹತ್ತು ಸಾವಿರದಲ್ಲೊಂದು ಪಾಲು, ನಾಲಗೆಗೆ ತಿಳಿಯದಷ್ಟು. ಹಾಗಾದರೆ ನಾನು ಹೊಯ್ಯದಿದ್ದರೆ ನಷ್ಟವಿಲ್ಲವೆನ್ನೋಣವೇ? ಹಾಗೆಂದರೆ ಎಲ್ಲರೂ ಹೊಯ್ದಾಗ ಹತ್ತು ಸಾವಿರ ಜನರ ದಾಹ ಆರಿದ್ದು ಹೇಗೆ? ಕಣ್ಣಿಗೆ ಕಾಣದಷ್ಟು ಚಿಕ್ಕದು ಎಂಬುದಕ್ಕೂ ಇಲ್ಲವೇ ಇಲ್ಲ ಎಂಬುದಕ್ಕೂ ಅಂತರವಿದೆ. ಸಾಲ ಕೊಟ್ಟವನು ಬಡ್ಡಿಯ ಲೆಕ್ಕ ಹಾಕುವಾಗ ಇದನ್ನು ಯಾರೂ ಅವನಿಗೆ ಕಲಿಸಬೇಕಾಗಿಲ್ಲ. ನೀತಿಯ ಲೆಕ್ಕದಲ್ಲಿ ಮಾತ್ರ ನಾವು ಪೈಸೆಗಳನ್ನು ಬಿಟ್ಟುಬಿಡುತ್ತೇವೆ.

ಈ ಪೈಸೆಯನ್ನು ಅಳೆದವರೂ ಇದ್ದಾರೆ. ಡಿರ್ಕ್ ನೋಟ್ಸ್, ಜೂಲಿಯೆನ್ ಸ್ಟ್ರೋವ್ ಎಂಬ ವಿಜ್ಞಾನಿಗಳು 2016ರಲ್ಲಿ ಉತ್ತರ ಧ್ರುವದ ಸಮುದ್ರದ ಮಂಜುಗಡ್ಡೆಯನ್ನು ಕುರಿತು ಒಂದು ಲೆಕ್ಕ ಪ್ರಕಟಿಸಿದರು. ಗಾಳಿಗೆ ಸೇರುವ ಒಂದೊಂದು ಟನ್ ಇಂಗಾಲಾಮ್ಲಕ್ಕೆ ಸೆಪ್ಟೆಂಬರ್ ತಿಂಗಳಿನಲ್ಲಿ ಉಳಿಯುವ ಮಂಜುಗಡ್ಡೆಯಲ್ಲಿ ಮೂರು ಚದರ ಮೀಟರ್ ಕರಗುತ್ತದೆ. ಬೆಂಗಳೂರಿನಿಂದ ಜೂರಿಕ್ ಏಳು ಸಾವಿರ ಕಿಲೋಮೀಟರಿಗೂ ದೂರ. ಹೋಗಿ ಬರುವುದಕ್ಕೆ ಒಬ್ಬ ಪ್ರಯಾಣಿಕನ ಪಾಲಿಗೆ ಬೀಳುವುದು ಒಂದು ಟನ್ನಿಗೆ ಕಡಿಮೆಯಲ್ಲ. ನಾಲ್ವರ ಸಂಸಾರಕ್ಕೆ ನಾಲ್ಕು ಟನ್ನೆಂದೇ ಹಿಡಿಯೋಣ. ಹನ್ನೆರಡು ಚದರ ಮೀಟರ್. ಹತ್ತಡಿ ಅಗಲ, ಹದಿಮೂರಡಿ ಉದ್ದದ ಒಂದು ಕೋಣೆ. ಹಿಮವನ್ನು ನೋಡಲು ಹೋದ ಸಂಸಾರ ಮನೆಗೆ ಮರಳುವಷ್ಟರಲ್ಲಿ ತಮ್ಮ ಮಲಗುವ ಕೋಣೆಯಷ್ಟು ಹಿಮವನ್ನು ಕರಗಿಸಿರುತ್ತದೆ. ನನ್ನ ಸೋದರಳಿಯ ಈ ಲೆಕ್ಕವನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೋಣೆ ಚಿಕ್ಕದೇ" ಎಂದ. ಚಿಕ್ಕದೇ ಸರಿ. ಆದರೆ ಅದು ಇದೆ, ಅದಕ್ಕೆ ಉದ್ದಗಲಗಳಿವೆ.

ಇಷ್ಟಕ್ಕೆ ನಿಲ್ಲಿಸಿದರೆ ಈ ಪ್ರಶ್ನೆ ಒಂದು ಅಂಕಗಣಿತವಾಗಿಬಿಡುತ್ತದೆ. ಇಂತಿಷ್ಟು ಟನ್ನಿಗೆ ಇಂತಿಷ್ಟು ದಂಡ ಕಟ್ಟಿ, ಎಲ್ಲಿಯೋ ಯಾರೋ ನೆಡುವ ಗಿಡಕ್ಕೆ ಹಣ ಕಳಿಸಿ ಕೈತೊಳೆದುಕೊಳ್ಳಬಹುದು. ಅಂಥ ರಸೀದಿಗಳು ಈಗ ಟಿಕೀಟಿನ ಜೊತೆಗೇ ಮಾರಾಟಕ್ಕಿವೆ. ನನ್ನನ್ನು ಕಾಡುವುದು ಟನ್ನುಗಳಿಗಿಂತ ಬೇರೆಯಾದ ಒಂದು ಸಂಗತಿ. ಅದನ್ನು ಮನೆಯ ಮಟ್ಟದಲ್ಲಿಯೇ ನೋಡಬಹುದು.

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಮುದ್ರಣಾಲಯವೊಂದರಲ್ಲಿ, ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂಡುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ರೂಪಿಸಿದ ಯಂತ್ರವೇ ಇಂದಿನ ಹವಾನಿಯಂತ್ರಕದ ಮೂಲಪುರುಷ. ಕಾಗದಕ್ಕಾಗಿ ಹುಟ್ಟಿದ್ದು ಮನುಷ್ಯನಿಗೆ ಒದಗಿತು, ಒಳ್ಳೆಯದೇ. ಆಸ್ಪತ್ರೆಯ ರೋಗಿಗೆ, ಮುದುಕರಿಗೆ, ಎಳೆಗೂಸಿಗೆ ಅದು ಪ್ರಾಣ ಉಳಿಸುವ ವಸ್ತು. ಆದರೆ ಅದು ಶಾಖವನ್ನು ನಾಶಮಾಡುವುದಿಲ್ಲ. ಒಳಗಿನದನ್ನು ಹೊರಗೆ ಸಾಗಿಸುತ್ತದೆ. ಸಾಗಿಸುವುದಕ್ಕೆ ತಾನು ತಿಂದ ವಿದ್ಯುತ್ತಿನ ಶಾಖವನ್ನೂ ಅದಕ್ಕೆ ಸೇರಿಸುತ್ತದೆ. ಕೋಣೆ ಎಷ್ಟು ತಣ್ಣಗಾಯಿತೋ ಬೀದಿ ಅದಕ್ಕಿಂತ ಒಂದು ಪಾಲು ಹೆಚ್ಚೇ ಬಿಸಿಯಾಯಿತು.

ನಮ್ಮ ಬೀದಿಯಲ್ಲಿ ಒಬ್ಬ ಇಸ್ತ್ರಿಯವನಿದ್ದಾನೆ. ಹೊಂಗೆಮರದ ಕೆಳಗೆ ಅವನ ತಳ್ಳುಗಾಡಿ, ಇದ್ದಿಲಿನ ಪೆಟ್ಟಿಗೆ, ಪಕ್ಕದಲ್ಲಿ ನಮ್ಮೆಲ್ಲರ ಬಟ್ಟೆಗಳ ಗಂಟು. ಅವನ ಬೆನ್ನ ಹಿಂದಿನ ಮಹಡಿಯ ಗೋಡೆಗೆ ನಾಲ್ಕು ಹವಾನಿಯಂತ್ರಕಗಳ ಹೊರಪೆಟ್ಟಿಗೆಗಳು ಬಂದಿವೆ. ಮಧ್ಯಾಹ್ನ ಅವು ತಿರುಗತೊಡಗಿದಾಗ ಬಿಸಿಗಾಳಿ ನೇರವಾಗಿ ಮರದ ಕೆಳಕ್ಕೆ ಬೀಳುತ್ತದೆ. ಆಗ ಅವನು ಗಾಡಿಯನ್ನು ಎರಡು ಮಾರು ಆಚೆಗೆ ತಳ್ಳಿಕೊಳ್ಳುತ್ತಾನೆ. ಬಿಸಿಗಾಳಿ ತಪ್ಪಿತು, ಆದರೆ ನೆರಳೂ ತಪ್ಪಿತು. ಅವನು ದೂರಿದ್ದನ್ನು ನಾನು ಕೇಳಿಲ್ಲ. ಆ ನಾಲ್ಕು ಮನೆಗಳವರೂ ಸಜ್ಜನರೇ. ಅವನ ಮಗಳ ಶಾಲೆಯ ಫೀಜಿಗೆ ಕೈನೀಡಿದವರು. ಆದರೆ ಕಿಟಕಿ ಮುಚ್ಚಿರುವುದರಿಂದ ಗಾಡಿ ಸರಿದದ್ದು ಅವರಿಗೆ ಕಾಣುವುದಿಲ್ಲ. ತಂಪಿನೊಳಗೆ ಕುಳಿತವನಿಗೆ ತಂಪಿನ ಬೆಲೆ ಕಾಣಿಸದಂತೆ ಮಾಡುವುದು ಆ ಯಂತ್ರದ ಗುಣ. ವಿಮಾನ ಹತ್ತಿ ಹೋಗುವ ತಂಪಿಗೂ ಇದೇ ಗುಣವಿದೆ. ಅಲ್ಲಿ ಗೋಡೆಯ ದಪ್ಪ ಏಳು ಸಾವಿರ ಕಿಲೋಮೀಟರ್.

ಶಕ್ತರು ಬಿಸಿಲಿನಿಂದ ದೂರ ಹೋಗಿ ಕೂಡುವ ಪದ್ಧತಿ ಹೊಸದಲ್ಲ. 1864ರಿಂದ ಬ್ರಿಟಿಷ್ ಸರ್ಕಾರ ಬೇಸಗೆ ಬಂತೆಂದರೆ ಕಡತಗಳ ಸಮೇತ ಶಿಮ್ಲಾ ಬೆಟ್ಟ ಹತ್ತುತ್ತಿತ್ತು. ಮದರಾಸಿನ ಸರ್ಕಾರ ಊಟಿಗೆ ಹೋಗುತ್ತಿತ್ತು. ನಮ್ಮ ಮಹಾರಾಜರಿಗೂ ಅಲ್ಲೊಂದು ಅರಮನೆಯಿತ್ತು. ಗಾಂಧೀಜಿ 1921ರಲ್ಲಿ ಮೊದಲ ಸಲ ಶಿಮ್ಲಾಕ್ಕೆ ಹೋಗಿ ಬಂದು, ಈ ಏರ್ಪಾಡನ್ನು ಐನೂರನೆಯ ಅಂತಸ್ತಿನಲ್ಲಿ ಅಂಗಡಿಯಿಟ್ಟ ವ್ಯಾಪಾರಿಗೆ ಹೋಲಿಸಿ ತಮ್ಮ ಪತ್ರಿಕೆಯಲ್ಲಿ ಬರೆದರು. ಅಷ್ಟು ಎತ್ತರದಲ್ಲಿ ಕುಳಿತವನಿಗೆ ಕೆಳಗಿನ ಗಿರಾಕಿಯ ಕೂಗು ಕೇಳುವುದಾದರೂ ಹೇಗೆ? ಆ ಅಧಿಕಾರಿಗಳಲ್ಲಿ ಎಲ್ಲರೂ ಕೆಟ್ಟವರಾಗಿರಲಿಲ್ಲ. ಆದರೆ ಮೇ ತಿಂಗಳಿನ ದೆಹಲಿ ಹೇಗಿರುತ್ತದೆಂಬುದು ಅವರಿಗೆ ವರದಿಯ ಮೂಲಕ ಮಾತ್ರ ತಿಳಿಯುತ್ತಿತ್ತು. ವರದಿ ಬೆವರುವುದಿಲ್ಲ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ. ಒಂದು ಸಂಸ್ಥೆ ಹಾಳಾಗತೊಡಗಿದಾಗ ಅದರಲ್ಲಿರುವವರಿಗೆ ಎರಡು ದಾರಿ: ಬಿಟ್ಟುಹೋಗುವುದು, ಇಲ್ಲವೆ ಇದ್ದು ದನಿಯೆತ್ತುವುದು. ದನಿಯೆತ್ತಿದರೆ ಯಾರ ಮಾತಿಗೆ ಬೆಲೆಯುಂಟೋ ಅವರೇ ಎಷ್ಟೋ ವೇಳೆ ಮೊದಲು ಬಿಟ್ಟುಹೋಗುತ್ತಾರೆ. ಉಳಿದವರ ದನಿ ಯಾರಿಗೂ ಕೇಳುವುದಿಲ್ಲ. ಸಂಸ್ಥೆ ಇನ್ನಷ್ಟು ಹಾಳಾಗುತ್ತದೆ. ನಮ್ಮ ಸರ್ಕಾರಿ ಶಾಲೆಗಳಿಂದ ನಾವು ನಮ್ಮ ಮಕ್ಕಳನ್ನು ಬಿಡಿಸಿದ ಮೇಲೆ ಆದದ್ದು ಇದೇ. ಈಗ ಹವೆಯ ಸರದಿ. ಕೆರೆ ಉಳಿಸಿ, ಮರ ಕಡಿಯಬೇಡಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕೂಲಿಗಳನ್ನು ದುಡಿಸಬೇಡಿ ಎಂದು ಹೇಳಿದರೆ ನಾಲ್ಕು ಜನ ಕೇಳುವಂಥ ಸ್ಥಾನದಲ್ಲಿರುವವರು ನಾವು. ಒಳಗೆ ಯಂತ್ರದ ತಂಪು, ವರ್ಷಕ್ಕೊಮ್ಮೆ ಹಿಮದ ತಂಪು ಎರಡೂ ಒದಗಿದವರಿಗೆ ಊರಿನ ಧಗೆ ಒಂದು ಸುದ್ದಿಯಾಗುತ್ತದೆ, ಸಮಸ್ಯೆಯಾಗಿ ಉಳಿಯುವುದಿಲ್ಲ. ಸಂಜೆ ಹತ್ತು ನಿಮಿಷ ಗೊಣಗುತ್ತೇವೆ, ಅನಂತರ ಟಿಕೀಟಿನ ಮಾತಾಡುತ್ತೇವೆ. ಈ ಪ್ರವಾಸಗಳಲ್ಲಿ ತಪ್ಪೆಂಬುದೊಂದು ಇದ್ದರೆ ಅದು ಇಲ್ಲಿದೆ ಎಂದು ನನ್ನ ಎಣಿಕೆ. ಕರಗಿದ ಹನ್ನೆರಡು ಚದರ ಮೀಟರ್ ಅದರ ಒಂದು ಭಾಗ. ಇಲ್ಲಿ ಬದುಕಬೇಕಾದವರ ಪಾಡಿನಿಂದ ನಮ್ಮ ಪಾಡು ಬೇರೆಯಾಗಿಹೋಯಿತೆಂಬ ಸಮಾಧಾನ ಅದರ ದೊಡ್ಡ ಭಾಗ.

ಇದಕ್ಕೆ ಎದುರಾಗಿ ನನಗೆ ನೆನಪಾಗುವುದು ಕ್ರುಂಬಿಗಲ್. ಹಿಮ ಬೀಳುವ ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಲಾಲ್‌ಬಾಗನ್ನು ನೋಡಿಕೊಂಡರು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಿ, ವರ್ಷವಿಡೀ ಯಾವುದಾದರೊಂದು ರಸ್ತೆ ಹೂವಾಗಿರುವಂತೆ ಊರಿಗೆ ಸಾಲುಮರಗಳನ್ನು ಯೋಜಿಸಿದರು. 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಚಳಿಯ ನಾಡಿನಿಂದ ಬಂದವರು ಬಿಸಿಲಿನ ಊರಿಗೆ ನೆರಳನ್ನು ಕೊಟ್ಟುಹೋದರು. ಆ ನೆರಳಿನಲ್ಲಿ ಬೆಳೆದ ನಾವು ಮರ ಕಡಿಸಿ ಚಳಿಯ ನಾಡಿಗೆ ಹೋಗುತ್ತಿದ್ದೇವೆ. ಅವರು ಪರಸ್ಥಳದವರಾದರೂ ಈ ಊರಿನ ಹವೆಯನ್ನು ತಮ್ಮದೆಂದುಕೊಂಡರು. ಹವೆಯೂ ಒಂದು ಊರಿನ ಸಾರ್ವಜನಿಕ ಸ್ವತ್ತು, ಕೆರೆಯ ಹಾಗೆ, ಗೋಮಾಳದ ಹಾಗೆ. ಅದರಲ್ಲಿ ಪಾಲಿರುವವನಿಗೆ ಅದರ ರಿಪೇರಿಯಲ್ಲೂ ಪಾಲಿದೆ.

ಮಹಾಭಾರತದ ಕೊನೆಯಲ್ಲಿ ಒಂದು ಹಿಮಪರ್ವತದ ಪ್ರಯಾಣವಿದೆ. ಪಾಂಡವರು ರಾಜ್ಯ ತೊರೆದು ಉತ್ತರಕ್ಕೆ ನಡೆಯುತ್ತಾರೆ. ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬೀಳುತ್ತಾರೆ. ಉಳಿದವನು ಧರ್ಮರಾಯ, ಜೊತೆಯಲ್ಲಿ ಊರಿನಿಂದ ಹಿಂಬಾಲಿಸಿ ಬಂದ ಒಂದು ನಾಯಿ. ಇಂದ್ರನ ರಥ ಬರುತ್ತದೆ, ನಾಯಿಗೆ ಸ್ಥಳವಿಲ್ಲ. ನನ್ನನ್ನು ನಂಬಿ ಬಂದದ್ದನ್ನು ಬಿಟ್ಟು ಹತ್ತಲಾರೆ ಎನ್ನುತ್ತಾನೆ ಧರ್ಮರಾಯ. ಬಿದ್ದ ಹೆಂಡತಿಗೂ ತಮ್ಮಂದಿರಿಗೂ ಹಿಂದಿರುಗಿ ನೋಡದೆ ನಡೆದವನು ನಾಯಿಗಾಗಿ ಸ್ವರ್ಗ ಬಿಟ್ಟನೇ ಎಂದು ಚಿಕ್ಕಂದಿನಲ್ಲಿ ನನಗೆ ಆಶ್ಚರ್ಯವಾಗಿತ್ತು. ಅದಕ್ಕೆ ಅವನೇ ಕಾರಣ ಹೇಳುತ್ತಾನೆ: ಸತ್ತವರಿಗೆ ತಾನು ಮಾಡಬಹುದಾದದ್ದು ಏನೂ ಇರಲಿಲ್ಲ, ಇದು ಬದುಕಿದೆ, ತನ್ನನ್ನು ನಂಬಿದೆ. ಕಳೆದುಹೋದದ್ದಕ್ಕೆ ಗೋಳಾಡುವುದಕ್ಕಿಂತ, ಇನ್ನೂ ಕೈಯಲ್ಲಿರುವುದನ್ನು ಬಿಡದಿರುವುದು ದೊಡ್ಡದು ಎಂದು ಆ ಕತೆಯಿಂದ ನಾನು ತಿಳಿದುಕೊಂಡಿದ್ದೇನೆ. ಚಕಲ್ತಾಯದ ಹಿಮನದಿಗೆ ನಾವು ಏನೂ ಮಾಡಲಾರೆವು. ನಮ್ಮ ಬೀದಿಯ ಹೊಂಗೆಮರ ಬದುಕಿದೆ, ಅದರ ಕೆಳಗಿನ ಮನುಷ್ಯನೂ.

ಹಾಗಾದರೆ ಹೋಗಬಾರದೆಂದು ಹೇಳಿದಿರಾ ಎಂದು ವಾಚಕರು ಕೇಳಿಯಾರು. ಹೇಳಲಿಲ್ಲ. ನಿಷೇಧ ಹಾಕಲು ನಾನು ಯಾರು? ಜೀವಮಾನದಲ್ಲೊಮ್ಮೆ ಮಗುವಿಗೆ ಹಿಮ ತೋರಿಸುವುದಕ್ಕೂ, ಪಕ್ಕದ ಮನೆಯವರು ಹೋದರೆಂದು ವರ್ಷವರ್ಷವೂ ಹಾರುವುದಕ್ಕೂ ಭೇದವಿದೆ. ಮೊದಲನೆಯದರಲ್ಲಿ ಬೆರಗಿದೆ, ಎರಡನೆಯದು ಚಟ. ಹಿಂದಿನವರು ಕಾಶಿಗೆ ಹೋಗುವ ಮುನ್ನ ಸಾಲ ತೀರಿಸಿ, ಮನೆಯ ವ್ಯವಸ್ಥೆ ಮಾಡಿ ಹೊರಡುತ್ತಿದ್ದರು. ಬಂದ ಮೇಲೆ ಊರಿಗೆಲ್ಲ ಸಮಾರಾಧನೆ ಮಾಡುತ್ತಿದ್ದರು. ಯಾತ್ರೆ ಒಬ್ಬನದಾದರೂ ಅದರಲ್ಲಿ ಊರಿಗೆ ಪಾಲಿತ್ತು. ನನ್ನ ಸೋದರಳಿಯನಿಗೆ ನಾನು ಹೇಳಿದ್ದಿಷ್ಟು: "ಹೋಗುವುದಾದರೆ ಒಮ್ಮೆ ಹೋಗು, ಹೆಚ್ಚು ದಿನ ಇದ್ದು ಬಾ, ಕರಗಿದ ಹಿಮನದಿಯನ್ನೂ ಮಕ್ಕಳಿಗೆ ತೋರಿಸು, ಅದು ಯಾಕೆ ಕರಗಿತೆಂದು ಮುಚ್ಚುಮರೆಯಿಲ್ಲದೆ ಹೇಳು. ಆದರೆ ಬರುವ ಏಪ್ರಿಲಿನ ಒಂದು ಮಧ್ಯಾಹ್ನ ಅವರನ್ನು ನಮ್ಮ ಬೀದಿಯಲ್ಲಿಯೂ ಒಂದು ಗಂಟೆ ನಿಲ್ಲಿಸು. ವಾರ್ಡಿನ ಸಭೆಯಲ್ಲಿ ಮರದ ಮಾತು ಬಂದಾಗ ನೀನು ಅಲ್ಲಿರು. ಆ ಹೊರಪೆಟ್ಟಿಗೆಗಳನ್ನು ತಾರಸಿಗೆ ಏರಿಸುವುದಕ್ಕೆ ಎಷ್ಟು ಖರ್ಚಾಗುತ್ತದೆಂದು ನಾಲ್ಕು ಮನೆಗಳವರನ್ನು ಕೇಳು." ಇದರಿಂದ ಹನ್ನೆರಡು ಚದರ ಮೀಟರ್ ಹೆಪ್ಪುಗಟ್ಟಿ ಹಿಂದಕ್ಕೆ ಬರುವುದಿಲ್ಲ. ಇದು ಪ್ರಾಯಶ್ಚಿತ್ತವೂ ಅಲ್ಲ, ಪರಿಹಾರದ ರಸೀದಿಯೂ ಅಲ್ಲ. ಊರಿನಲ್ಲಿ ಇರುವವನು ಮಾಡಬೇಕಾದ ಕೆಲಸ, ಅಷ್ಟೆ.

ಅವನು ಹೋಗುತ್ತಾನೋ ಬಿಡುತ್ತಾನೋ ನನಗೆ ತಿಳಿಯದು. ಟಿಕೀಟು ಅಗ್ಗವಾಗಿ ಸಿಗುವ ಗಡುವು ಇನ್ನೂ ಇದೆಯಂತೆ. ಧಗೆ ಮಾತ್ರ ಮುಂದಿನ ವರ್ಷವೂ ಬರುತ್ತದೆ, ಯಾರ ಒಪ್ಪಿಗೆಗೂ ಕಾಯದೆ. ಆಗ ಈ ಊರಿನಲ್ಲಿ ಯಾರು ಯಾರು ಇರುತ್ತಾರೆ, ಇದ್ದವರು ಒಬ್ಬರಿಗೊಬ್ಬರು ಏನಾಗಿರುತ್ತಾರೆ ಎಂಬುದನ್ನು ನಿರ್ಧರಿಸುವುದು ಹವಾಮಾನ ಇಲಾಖೆಯ ಕೆಲಸವಲ್ಲ.